ಎರಡನೇ ಗುಂಡಿಯವರೆಗೂ ಮುಖ

ಮೆಸಾ, ಅರಿಜೋನಾ
2 ಮಾರ್ಚ್ 1998

ಪ್ರೀತಿಯ ಆರ್ಡಿಸ್,

ಪೊಟ್ಟಣ ಬಿಚ್ಚುವ ಮೊದಲು ಕಳಿಸಿದವರ ಹೆಸರನ್ನು ನೀನು ಎರಡು ಸಲ ಓದಿರುತ್ತೀಯ. ಹೌದು, ನಾನೇ, ನಿನ್ನ ತಂಗಿ ಲವಾನ್. ಒಂಬತ್ತು ವರ್ಷದ ಮೇಲೆ ಬರೆಯುತ್ತಿದ್ದೇನೆ. ದಮ್ಮಯ್ಯ, ವಾಪಸ್ ಕಳಿಸಬೇಡ.

ಒಳಗಿರುವ ಡಬ್ಬಿ ಕೊರಳಿಗೆ ಮತ್ತು ಎದೆಗೆ. ಇಲ್ಲಿ ನನ್ನ ಬ್ಯೂಟಿ ಪಾರ್ಲರಿನ ಕೋಣೆಗೆ ಬರುವವರೆಲ್ಲ ಅರವತ್ತು ದಾಟಿದ ಹೆಂಗಸರು, ಮಿನೆಸೋಟ, ಅಯೋವಾ ಕಡೆಯಿಂದ ಚಳಿಗಾಲ ಕಳೆಯಲು ಬಂದವರು. ಅವರಿಗೆ ನಾನು ಮೊದಲ ದಿನವೇ ಹೇಳುತ್ತೇನೆ: "ಮುಖ ಗಲ್ಲಕ್ಕೆ ಮುಗಿಯಲ್ಲ ಕಣ್ರೀ, ಅಂಗಿಯ ಎರಡನೇ ಗುಂಡಿಯವರೆಗೂ ಮುಖವೇ." ಎಲ್ಲರೂ ನಗುತ್ತಾರೆ. ಆಮೇಲೆ ಕನ್ನಡಿ ಮುಂದೆ ಕೂರಿಸಿ ತೋರಿಸುತ್ತೇನೆ. ನಲವತ್ತು ವರ್ಷ ಮುಖಕ್ಕೆ ಏನೇನೋ ಬಳಿದುಕೊಂಡವರು ಕೊರಳನ್ನು ಮಾತ್ರ ಬಿಸಿಲಿಗೆ ಬಿಟ್ಟುಕೊಟ್ಟಿರುತ್ತಾರೆ. ಎದೆಯ ಚರ್ಮ ತೆಳು, ಎಣ್ಣೆ ಕಡಿಮೆ, ಅದು ಯಾವುದನ್ನೂ ಮರೆಯುವುದಿಲ್ಲ.

ಹಚ್ಚುವ ಕ್ರಮ ಹೀಗೆ. ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ, ಕನ್ನಡಿಯ ಮುಂದೆ ನಿಲ್ಲು. ಅಂಗಿ ತೆಗೆದೇ ಹಚ್ಚಬೇಕು. ಎದೆಯಿಂದ ಮೇಲಕ್ಕೆ, ಕೊರಳಿನವರೆಗೆ, ಬೆರಳಿನ ತುದಿಯಿಂದ ನಿಧಾನವಾಗಿ ನೀವಿಕೋ. ಬಲಗಡೆಗೆ ಹೆಚ್ಚು ಹೊತ್ತು ಕೊಡು. ಮೂವತ್ತೊಂದು ವರ್ಷ, ಸ್ಟಿಯರಿಂಗ್ ಎಡಕ್ಕಿರುವ ಅಂಚೆ ಕಾರಿನಲ್ಲಿ ಬಲಗಡೆ ಸೀಟಿನಲ್ಲಿ ಕೂತು, ಎಡಗಾಲಿನಲ್ಲಿ ಬ್ರೇಕು ಒತ್ತುತ್ತಾ, ಬಲಗೈ ಕಿಟಕಿಯಿಂದ ಚಾಚಿ ರಸ್ತೆ ಬದಿಯ ಪೆಟ್ಟಿಗೆಗಳಿಗೆ ಕಾಗದ ಹಾಕಿದವಳು ನೀನು. ಬಿಸಿಲೆಲ್ಲ ಆ ಕಡೆಗೇ ಬಿದ್ದಿದೆ.

ಎಲ್ಲೆಲ್ಲಿ ಕಲೆಗಳಿವೆ ಅಂತ ನನಗೆ ಬರಿ. ಒಂದು ಫೋಟೋ ಕಳಿಸಿದರೆ ಇನ್ನೂ ಒಳ್ಳೆಯದು, ಗಲ್ಲದಿಂದ ಕೆಳಗೆ, ಹಗಲು ಬೆಳಕಿನಲ್ಲಿ, ಪೌಡರ್ ಇಲ್ಲದೆ.

ನಿನ್ನ,
ಲವಾನ್

*

ಟೇಬರ್ ಕ್ರೀಕ್, ನೆಬ್ರಾಸ್ಕಾ
15 ಮಾರ್ಚ್ 1998

ಲವಾನ್,

ಪೊಟ್ಟಣ ತಲುಪಿತು. ನನ್ನ ಹೆಸರಿಗೆ ಬಂದ ಅಂಚೆಯನ್ನು ನಾನು ಹಿಂದಕ್ಕೆ ಕಳಿಸುವುದಿಲ್ಲ, ಓದದೆ ಹರಿಯುವುದೂ ಇಲ್ಲ. ಅದು ನಿನ್ನ ಮೇಲಿನ ಅಕ್ಕರೆಯಲ್ಲ, ನನ್ನ ಕಸುಬಿನ ಮರ್ಯಾದೆ. ಫೋನಿಗೆ ಆ ಮರ್ಯಾದೆ ಇಲ್ಲ. ಜನವರಿಯಲ್ಲಿ ಎರಡು ಸಲ ಮಾಡಿದ್ದು ನೀನೇ ಅಂತ ಗೊತ್ತಾಗಿಯೇ ಇಟ್ಟೆ.

ಈಗ ಹೇಳು, ನಿನಗೆ ಏನು ಬೇಕು?

ಒಂಬತ್ತು ವರ್ಷ ಕ್ರಿಸ್ಮಸ್ಸಿಗೂ ಒಂದು ಕಾರ್ಡು ಹಾಕದವಳಿಗೆ ಇದ್ದಕ್ಕಿದ್ದಂತೆ ನನ್ನ ಕೊರಳಿನ ಮೇಲೆ ಪ್ರೀತಿ ಉಕ್ಕಿತೇ? ಚರ್ಚಿನಲ್ಲಿ ಕೌದಿ ಹೊಲಿಯಲು ಸೇರಿದ್ದಾಗ ಡಬ್ಬಿ ತೋರಿಸಿದೆ. ಪಕ್ಕದ ಮನೆಯ ಐಲೀನ್ ಮೂಸಿ ನೋಡಿ, "ಬೆಳ್ಳಗಿರೋದೆಲ್ಲ ಹಾಲಲ್ಲ ಆರ್ಡಿಸ್. ಇವತ್ತು ಒಂದು ಡಬ್ಬಿ ಪುಕ್ಕಟೆ ಅಂತಾಳೆ, ನಾಳೆ ಹನ್ನೆರಡು ತಗೋ ಅಂತ ಕಾಗದ ಬರುತ್ತೆ" ಅಂದಳು. ಫೋಟೋ ವಿಷಯ ಹೇಳಿದ್ದೇ ತಡ, ಸೂಜಿ ಕೆಳಗಿಟ್ಟಳು. "ಅಯ್ಯೋ, ಅಂಗಡಿ ಕಿಟಕೀಲಿ ಹಾಕ್ತಾಳೆ ಕಣೆ! ನಿನ್ನ ಟರ್ಕಿಕೋಳಿ ಕೊರಳು ಒಂದು ಕಡೆ, ಇನ್ಯಾರದೋ ನುಣ್ಣನೆ ಕೊರಳು ಒಂದು ಕಡೆ. ಕೆಳಗೆ 'ಮೊದಲು', 'ಆಮೇಲೆ' ಅಂತ ಬರೆದಿರ್ತಾಳೆ!" ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಮನೆಗೆ ಬಂದು ಯೋಚಿಸಿದೆ. ನಿಮ್ಮ ಕಸುಬಿನಲ್ಲಿ ಹಾಗೆ ಹಾಕುತ್ತಾರೆ ತಾನೇ? ಫೋಟೋ ಇಲ್ಲ. ಕೇಳಬೇಡ.

ಇನ್ನೊಂದು. ಟೈಪ್ ಮಾಡಿದ ಕಾಗದ ಯಾಕೆ? ನಿನ್ನ ಅಕ್ಷರ ಶಾಲೆಯಲ್ಲೇ ಬಹುಮಾನ ಹೊಡೆದದ್ದು. ಅದನ್ನು ಮೆರೆಸುವ ಅವಕಾಶ ಬಿಡುವವಳಲ್ಲ ನೀನು. ನೂರು ಜನ ಮುದುಕಿಯರಿಗೆ ಒಂದೇ ಕಾಗದ ಹೊಡೆದು ಹೆಸರು ಮಾತ್ರ ಬದಲಾಯಿಸಿದ್ದೀಯಾ?

ಚರ್ಮದ ಮಾತು ನೀನೇ ಎತ್ತಿದ್ದರಿಂದ ಹೇಳುತ್ತೇನೆ. ಅಮ್ಮ ಲಿವರಿನ ಕಾಯಿಲೆಯಿಂದ ಆರು ವಾರದಲ್ಲಿ ಹೋದಳು. ಆ ಕಾಯಿಲೆ ಎಲ್ಲಿಂದ ಬಂತು ಅಂತ ಯಾವ ಡಾಕ್ಟರೂ ಹೇಳಲಿಲ್ಲ. ಶವಪೆಟ್ಟಿಗೆಯಲ್ಲಿ ಮಲಗಿಸುವ ಮುಂಚೆ ನೀನು ಬಾಗಿಲು ಹಾಕಿಕೊಂಡು, ಅವಳ ಕೊರಳಿಗೂ ಎದೆಗೂ ಗೋಡೆಗೆ ಗಾರೆ ಮೆತ್ತಿದ ಹಾಗೆ ಬಣ್ಣ ಮೆತ್ತಿ, ಗಲ್ಲದವರೆಗೂ ಮುಚ್ಚುವ ಲೇಸಿನ ಅಂಗಿ ತೊಡಿಸಿದೆ. ಬೀಟ್ ಗದ್ದೆಯಲ್ಲಿ ಐವತ್ತು ಬೇಸಿಗೆ ದುಡಿದ ಕೊರಳು ಅದು. ನೋಡಲು ಬಂದ ಊರವರಿಗೆ ಯಾರೋ ಪೇಟೆ ಹೆಂಗಸು ಮಲಗಿದ ಹಾಗೆ ಕಂಡಿತು. ನಾನು ಕೇಳಿದ್ದು ಒಂದೇ ಮಾತು: "ಅಮ್ಮನ ಚರ್ಮ ಕಂಡ್ರೆ ನಿಂಗೆ ನಾಚ್ಕೆಯೇನೇ?" ನೀನು ಉತ್ತರ ಕೊಡದೆ ಕಾರು ಹತ್ತಿದೆ. ಆ ಉತ್ತರ ಇನ್ನೂ ಬಂದಿಲ್ಲ.

ಆರ್ಡಿಸ್ ಕುಚೆರಾ

*

ಮೆಸಾ
3 ಏಪ್ರಿಲ್ 1998

ಪ್ರೀತಿಯ ಆರ್ಡಿಸ್,

ಬೈದಾದರೂ ಬರೆದೆಯಲ್ಲ, ಸಾಕು. ಟೈಪ್ ಮಾಡುವುದು ಈಗ ಅಭ್ಯಾಸವಾಗಿಬಿಟ್ಟಿದೆ, ಅಷ್ಟೇ. ಐಲೀನ್‌ಗೆ ಹೇಳು, ಕಿಟಕಿಯಲ್ಲಿ ಹಾಕುವುದಾದರೆ ಅವಳ ಕೊರಳನ್ನೇ ಹಾಕುತ್ತೇನೆ.

ಅಮ್ಮನ ವಿಷಯ ಇನ್ನೊಂದು ಸಲ. ಬರೆಯುತ್ತೇನೆ, ಈ ಸಲ ಆಗುತ್ತಿಲ್ಲ.

ಫೋಟೋ ಬೇಡ, ಬಿಡು. ಕನ್ನಡಿ ನೋಡಿ ಎಣಿಸಿ ಬರಿ. ಹೊರಗೆ ಹೋಗುವಾಗ ಅಗಲ ಅಂಚಿನ ಟೋಪಿ ಹಾಕು, ಕಾಲರ್ ಮೇಲಕ್ಕೆತ್ತು. ಬಿಸಿಲು ತಡೆಯುವ ಕ್ರೀಮನ್ನು ಮುಖಕ್ಕೆ ಹಚ್ಚಿ ಗಲ್ಲದಲ್ಲೇ ನಿಲ್ಲಿಸುತ್ತಾರೆ ಎಲ್ಲರೂ, ನೀನು ನಿಲ್ಲಿಸಬೇಡ. ಕೊರಳಿಗೆ ಸೆಂಟು ಹೊಡೆದುಕೊಂಡು ಬಿಸಿಲಿಗೆ ಹೋಗಬೇಡ, ಅಲ್ಲೇ ಕಲೆ ಬೀಳುತ್ತದೆ. ಪಕ್ಕಕ್ಕೆ ತಿರುಗಿ ಮಲಗಿದರೆ ಎದೆಯ ನಡುವೆ ಗೆರೆ ಮೂಡುತ್ತದೆ, ಅಂಗಾತ ಮಲಗು. ಬಿಸಿನೀರು ಕೊರಳಿಗೆ ಬೇಡ, ಉಗುರುಬೆಚ್ಚಗಿದ್ದರೆ ಸಾಕು.

ಗೆರೆಗಳಿಗೆ ಹೆದರಬೇಡ. ಗೆರೆ ವಯಸ್ಸಿನದು, ಅದು ಬರಲಿ. ಕಲೆಗಳನ್ನು ನೋಡು. ಯಾವುದಾದರೂ ಉಳಿದವುಗಳ ಹಾಗಿಲ್ಲದೆ ಬೇರೆ ಕಂಡರೆ ನನಗೆ ಹೇಳು.

ನಿನ್ನ,
ಲವಾನ್

*

ಟೇಬರ್ ಕ್ರೀಕ್
27 ಏಪ್ರಿಲ್ 1998

ಲವಾನ್,

"ಇನ್ನೊಂದು ಸಲ" ಅಂದೆ. ಒಂಬತ್ತು ವರ್ಷದಲ್ಲಿ ಎಷ್ಟು ಸಲ ಬಂದು ಹೋದವು ಅಂತ ನೀನೇ ಲೆಕ್ಕ ಹಾಕಿಕೋ.

ಡಬ್ಬಿ ಬಿಚ್ಚಿದೆ. ಹಚ್ಚಬೇಕೆಂಬ ಆಸೆಯಿಂದಲ್ಲ, ಚೆಲ್ಲುವುದು ನಮ್ಮ ಮನೆತನದ ರಕ್ತದಲ್ಲಿಲ್ಲ. ಮೊದಲು ಎರಡು ವಾರ ಮೊಣಕೈಗೆ ಹಚ್ಚಿ ನೋಡಿದೆ. ಸುಡಲಿಲ್ಲ. ನನ್ನ ಚರ್ಮಕ್ಕೆ ಅಂಗಡಿಯ ಯಾವ ಕ್ರೀಮು ಸೋಕಿದರೂ ದದ್ದು ಏಳುತ್ತದೆ, ಇದಕ್ಕೆ ಏಳಲಿಲ್ಲ. ಅದೇ ನನಗೆ ಅನುಮಾನ. ಗುಲಾಬಿ ವಾಸನೆ ಮಾತ್ರ ಸ್ಮಶಾನದ ಹೂಮಾಲೆಯ ಹಾಗೆ ಮೂಗಿಗೆ ಹೊಡೆಯುತ್ತದೆ.

ಕನ್ನಡಿ ನೋಡಿದೆ. ಮೂವತ್ತು ವರ್ಷದಲ್ಲಿ ನಾನು ಕನ್ನಡಿಯಲ್ಲಿ ಗಲ್ಲದ ಕೆಳಗೆ ನೋಡಿದ್ದು ಇದೇ ಮೊದಲು. ಅಂಚೆ ಇಲಾಖೆಯ ಅಂಗಿಯ ಕಾಲರು ಬಿಟ್ಟ ಜಾಗ ಅಲ್ಲೇ ಇದೆ, ಕೆಂಪು ಇಟ್ಟಿಗೆಯ ಬಣ್ಣ, ಕೆಳಗೆ ಮೊನೆಯಾಗಿ ಮುಗಿಯುತ್ತದೆ. ಅದರ ಆಚೆಗೆ ಹಾಲಿನ ಹಾಗೆ ಬಿಳುಪು. ಬಲಗಡೆ ಕೊರಳು ಎಡಗಡೆಗಿಂತ ಹತ್ತು ವರ್ಷ ದೊಡ್ಡದು. ನನ್ನ ಗಂಡ ಲಂಬರ್ಟ್ ಬದುಕಿದ್ದಾಗ ಆ ಬಿಳಿಯ ಜಾಗವನ್ನೇ "ಭಾನುವಾರದ ಆರ್ಡಿಸ್" ಅನ್ನುತ್ತಿದ್ದ. ನೆನಪಾಗಿ ಅತ್ತೆ. ನಿನಗೆ ಹೇಳಬಾರದೆಂದಿದ್ದೆ, ಬರೆದುಬಿಟ್ಟೆ. ಇರಲಿ.

ಈಗ ನನ್ನ ಕೆಲಸ ಕೇಳು. ನಿನ್ನೆ ಐಲೀನ್ ಕೈಯಲ್ಲಿ ಅವಳ ಪೊಲರಾಯ್ಡ್ ಕ್ಯಾಮರಾ ಕೊಟ್ಟು ಕಿಟಕಿ ಬೆಳಕಿನಲ್ಲಿ ಒಂದು ಫೋಟೋ ತೆಗೆಸಿದೆ. ಕುಣಿಯಬೇಡ, ನಿನಗಲ್ಲ. ಕೆಳಗಿನ ಬಿಳಿ ಪಟ್ಟಿಯಲ್ಲಿ ತಾರೀಕು ಬರೆದು ಮೇಜಿನ ಖಾನೆಯಲ್ಲಿಟ್ಟಿದ್ದೇನೆ. ಮೂರು ತಿಂಗಳು ಹಚ್ಚಿ, ಅದೇ ಕಿಟಕಿಯಲ್ಲಿ, ಅದೇ ಹೊತ್ತಿನಲ್ಲಿ ಇನ್ನೊಂದು ತೆಗೆಸುತ್ತೇನೆ. ನಿನ್ನ ಕ್ರೀಮಿನಿಂದ ಏನೂ ಆಗಿಲ್ಲ ಅಂತ ಎರಡೂ ಜೊತೆಗಿಟ್ಟು ತೋರಿಸುತ್ತೇನೆ. 'ಮೊದಲು', 'ಆಮೇಲೆ' ಅನ್ನುವ ಆಟ ನನಗೂ ಬರುತ್ತದೆ.

ಬಲಕ್ಕೆ ಹನ್ನೊಂದು ಕಲೆ, ಎಡಕ್ಕೆ ನಾಲ್ಕು. ಒಂದು ಉಳಿದವುಗಳಿಗಿಂತ ಕಪ್ಪು, ಕಾಫಿ ಹನಿ ಬಿದ್ದ ಹಾಗಿದೆ. ಸಮಾಧಾನವಾಯಿತೇ?

ಆರ್ಡಿಸ್ ಕುಚೆರಾ

*

ಮೆಸಾ
12 ಮೇ 1998

ಆರ್ಡಿಸ್,

ಆ ಕಾಫಿ ಹನಿ ಎಲ್ಲಿದೆ? ಬಲಕ್ಕೋ ಎಡಕ್ಕೋ? ಪೆನ್ಸಿಲಿನ ಹಿಂದಿನ ರಬ್ಬರಿನಷ್ಟಿದೆಯೋ, ಅದಕ್ಕಿಂತ ದೊಡ್ಡದೋ? ಅಂಚು ದುಂಡಗಿದೆಯೋ, ಹರಿದ ಕಾಗದದ ಹಾಗಿದೆಯೋ? ಮೊದಲಿನಿಂದಲೂ ಇತ್ತೇ?

ನಿಮ್ಮ ಊರಿಗೆ ತಿಂಗಳಿಗೊಮ್ಮೆ ಚರ್ಮದ ಡಾಕ್ಟರು ಬರುತ್ತಾರಾ? ಸುಮ್ಮನೆ ಕೇಳಿದೆ.

ಅಂಚೆಚೀಟಿ ಹಚ್ಚಿದ ಲಕೋಟೆ ಒಳಗಿಟ್ಟಿದ್ದೇನೆ. ಇವತ್ತೇ ಉತ್ತರ ಬರಿ.

ಲವಾನ್

*

ಟೇಬರ್ ಕ್ರೀಕ್
21 ಜುಲೈ 1998

ಲವಾನ್,

ನಿನ್ನ ಲಕೋಟೆಗೆ ಎರಡು ತಿಂಗಳು ಉತ್ತರ ಬರೆಯಲಿಲ್ಲ, ಬೇಕೆಂದೇ. ಫೋನನ್ನೂ ಎತ್ತಲಿಲ್ಲ. ಅಷ್ಟು ಆತುರ ಯಾಕೆ, ಅದರ ಹಿಂದೆ ಏನಿದೆ ಅಂತ ತಿಳಿಯುವವರೆಗೆ ಬಾಯಿ ಬಿಡಬಾರದು ಅಂದುಕೊಂಡೆ. ಈಗ ತಿಳಿಯಿತು.

ಹೋದ ವಾರ ಇಲ್ಲಿ ಭಾರಿ ಸೆಕೆ. ಕಿಟಕಿಯ ಹತ್ತಿರ ಇಟ್ಟಿದ್ದ ಡಬ್ಬಿ ಕರಗಿ ಗುಲಾಬಿ ವಾಸನೆಯೆಲ್ಲ ಹಾರಿಹೋಯಿತು. ಶನಿವಾರ ಬೆಳಿಗ್ಗೆ ಮುಚ್ಚಳ ತೆಗೆದರೆ ನಮ್ಮ ಅಪ್ಪನ ಕೊಟ್ಟಿಗೆ! ಹಸುಗಳ ಕೆಚ್ಚಲು ಒಡೆದರೆ ಹಚ್ಚುತ್ತಿದ್ದ ಹಳದಿ ಮುಲಾಮು, ಚಳಿಗಾಲದಲ್ಲಿ ಅಮ್ಮ ನಮ್ಮಿಬ್ಬರ ಕೈಗೂ ತಿಕ್ಕುತ್ತಿದ್ದಳಲ್ಲ, ಅದೇ. ಕಣ್ಣು ಕಟ್ಟಿ ಮೂಸಿಸಿದರೂ ನಾನು ಹೇಳಬಲ್ಲೆ.

ಅಲ್ಲಾ, ಎಷ್ಟು ಕೊಬ್ಬು ನಿನಗೆ! ಅರಿಜೋನಾದ ಹೆಂಗಸರಿಗೆ ಚಿನ್ನದ ಮುಚ್ಚಳದ ಕ್ರೀಮು, ಹಳ್ಳಿಯ ಅಕ್ಕನಿಗೆ ಕೆಚ್ಚಲಿನ ಮುಲಾಮಿಗೆ ಬಣ್ಣ ಬೆರೆಸಿ, ಸೆಂಟು ಹೊಡೆದು ಕಳಿಸುವುದು. ಮೂರು ತಿಂಗಳು ನಾನು ಕನ್ನಡಿ ಮುಂದೆ ನಿಂತು, ಅಂಗಿ ಬಿಚ್ಚಿ, "ಎದೆಯಿಂದ ಮೇಲಕ್ಕೆ, ನಿಧಾನವಾಗಿ" ಅಂತ ನೀವುತ್ತಿದ್ದೆನಲ್ಲ! ನಿನ್ನ ಕೋಣೆಗೆ ಬರುವವರಿಗೆಲ್ಲ ಹೇಳಿ ನಕ್ಕೆಯಾ? ಅಮ್ಮನ ಚರ್ಮಕ್ಕೆ ನಾಚಿದೆ, ನನ್ನ ಚರ್ಮವನ್ನು ಆಡಿಕೊಂಡೆ.

ಮೊನ್ನೆ ಭಾನುವಾರ ಎರಡನೇ ಫೋಟೋ ತೆಗೆಸಿದೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಹದಿನಾಲ್ಕು ಕಲೆ ಹಾಗೇ ಇವೆ, ಒಂದು ಕೂದಲೆಳೆಯಷ್ಟೂ ತಿಳಿಯಾಗಿಲ್ಲ. ಹದಿನೈದನೆಯದು ಹಾಗಿಲ್ಲ. ಆ ಕಾಫಿ ಹನಿ, ಬಲಗಡೆ ಕೊರಳೆಲುಬಿನ ಕೆಳಗಿನದು, ಏಪ್ರಿಲ್ಲಿನಲ್ಲಿ ದುಂಡಗಿತ್ತು. ಈಗ ಒಂದು ಕಡೆ ಅಂಚು ಒಡೆದು ಹರಡಿದೆ, ನಡುವೆ ಕರ್ರಗಾಗಿದೆ. ಐಲೀನೂ ನೋಡಿದಳು. "ಆ ದರಿದ್ರ ಮುಲಾಮಿಂದಾನೇ ಆಗಿದ್ದು, ಬಿಡಬೇಡ ಅವಳನ್ನ" ಅಂದಳು.

ಬಿಡುವುದಿಲ್ಲ. ಎರಡೂ ಫೋಟೋ ಒಳಗಿಟ್ಟಿದ್ದೇನೆ. ನೀನು ಮಾಡಿದ್ದು ಏನು ಅಂತ ಕಣ್ಣಾರೆ ನೋಡು. ಕಿಟಕಿಯಲ್ಲಿ ಬೇಕಾದರೂ ಹಾಕಿಕೋ. ಇನ್ನು ಮುಂದೆ ಈ ವಿಳಾಸಕ್ಕೆ ಬರೆಯಬೇಡ.

ಆರ್ಡಿಸ್ ಕುಚೆರಾ

*

ಮೆಸಾ
24 ಜುಲೈ 1998

ಅಕ್ಕಾ,

ಈ ಕಾಗದ ನಾಳೆಯೇ ನಿನ್ನ ಕೈಸೇರುವ ಅಂಚೆಯಲ್ಲಿ ಹಾಕುತ್ತಿದ್ದೇನೆ. ನೀನು ಸಹಿ ಹಾಕಿಯೇ ತೆಗೆದುಕೊಳ್ಳಬೇಕು. ಅಂಚೆಯವಳು ಇನ್ನೊಬ್ಬ ಅಂಚೆಯವನನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸುವುದಿಲ್ಲ ಅಂತ ಗೊತ್ತು. ಬೆಳಿಗ್ಗೆಯಿಂದ ಐದು ಸಲ ಫೋನ್ ಮಾಡಿದೆ, ಐದು ಸಲವೂ ನೀನು ಇಟ್ಟುಬಿಟ್ಟೆ.

ಸೋಮವಾರ ಡಾಕ್ಟರ ಹತ್ತಿರ ಹೋಗು. ಇನ್ನೊಂದು ವಾರ ಅನ್ನಬೇಡ. ಐಲೀನ್‌ಗೆ ಕಾರು ತೆಗೆಯಲು ಹೇಳು. ಎರಡೂ ಫೋಟೋ ವಾಪಸ್ ಇಟ್ಟಿದ್ದೇನೆ, ತೆಗೆದುಕೊಂಡು ಹೋಗಿ ತೋರಿಸು. ಮುಲಾಮಿನಿಂದ ಆದದ್ದಲ್ಲ ಅದು. ಚರ್ಮದ ಕ್ಯಾನ್ಸರ್ ಇರಬಹುದು, ಮೆಲನೋಮ ಅನ್ನುತ್ತಾರೆ. ಹೋದ ಡಿಸೆಂಬರಿನಲ್ಲಿ ನನ್ನ ಎದೆಯಲ್ಲೂ ಒಂದು ಸಿಕ್ಕಿತು. ಮೂವತ್ತು ವರ್ಷ ಊರವರ ಚರ್ಮ ನೋಡಿದವಳು ನನ್ನದನ್ನು ನೋಡಿರಲಿಲ್ಲ. ತೆಗೆದರು, ಮುಗಿಯಿತು. ನನ್ನ ಚಿಂತೆ ಬೇಡ.

ಆಗ ಡಾಕ್ಟರು ಕೇಳಿದ, "ನಿಮ್ಮ ಮನೇಲಿ ಇನ್ಯಾರಿಗಾದರೂ ಹೀಗೆ ಇತ್ತಾ?" ಇಲ್ಲ ಅನ್ನಲು ಬಾಯಿ ತೆರೆದೆ, ಅಮ್ಮ ನೆನಪಾದಳು. ಅಮ್ಮನಿಗಿತ್ತು ಅಕ್ಕಾ, ಅಲ್ಲಿಂದಲೇ ಲಿವರಿಗೆ ಹರಡಿರಬೇಕು. ಅವತ್ತು ಬಾಗಿಲು ಹಾಕಿಕೊಂಡು ಅವಳಿಗೆ ಬಟ್ಟೆ ತೊಡಿಸುವಾಗ ನೋಡಿದೆ. ಎಡಗಡೆ ಎದೆಯ ಮೇಲೆ, ಮೂಗೇಟು ಬಿದ್ದ ಹಾಗೆ ಕಪ್ಪಗೆ, ನನ್ನ ಹೆಬ್ಬೆಟ್ಟಿನಷ್ಟು. ಏನದು ಅಂತ ನನಗೆ ಗೊತ್ತಿರಲಿಲ್ಲ, ದೇವರಾಣೆ. ಊರವರು ನೋಡಿ, 'ಹೆಣ್ಣುಮಕ್ಕಳು ಸರಿಯಾಗಿ ನೋಡಿಕೊಳ್ಳಲಿಲ್ಲ' ಅಂದುಕೊಳ್ಳಬಾರದು ಅಂತ ಬಣ್ಣ ಮೆತ್ತಿದೆ. ಒಂದು ಸಲಕ್ಕೆ ಮುಚ್ಚಲಿಲ್ಲ, ಮತ್ತೆ ಮತ್ತೆ ಮೆತ್ತಿದೆ. ಆಮೇಲೆ ನೀನು ಎಲ್ಲರ ಮುಂದೆ ಕೇಳಿದೆಯಲ್ಲ, ನಾಚಿಕೆಯೇನೇ ಅಂತ. ಹೌದು, ನಾಚಿಕೆಯೇ. ಅಮ್ಮನ ಚರ್ಮಕ್ಕಲ್ಲ. ಅವಳ ಮಗಳು ಚರ್ಮ ನೋಡುವ ಕಸುಬಿನವಳಾಗಿ ಅವಳನ್ನು ಒಂದು ದಿನ ಬೆಳಕಿಗೆ ನಿಲ್ಲಿಸಿ ನೋಡಿರಲಿಲ್ಲ ಅನ್ನುವುದಕ್ಕೆ.

ನಿನಗೆ ತೋರಿಸಬೇಕಿತ್ತು. ತೋರಿಸಿದ್ದರೆ ನೀನು ಸುಮ್ಮನಿರುತ್ತಿರಲಿಲ್ಲ, ಕೇಳುತ್ತಿದ್ದೆ, ಯಾರಾದರೂ ಹೇಳುತ್ತಿದ್ದರು. ನಾನು ಮುಚ್ಚಿದೆ. ಮಾರ್ಚಿನಲ್ಲೇ ಇದನ್ನೆಲ್ಲ ಬರೆಯಬೇಕಿತ್ತು. ಎಂಟು ಸಲ ಶುರು ಮಾಡಿ ಹರಿದೆ. ಹೇಡಿ ನಾನು. 'ಡಾಕ್ಟರಿಗೆ ತೋರಿಸು' ಅಂತಷ್ಟೇ ಬರೆದಿದ್ದರೆ, 'ಮತ್ತೆ ನಮ್ಮ ಚರ್ಮದ ತಂಟೆಗೆ ಬಂದಳು' ಅಂತ ನೀನು ಹಠ ಹಿಡಿದು ಹೋಗುತ್ತಲೇ ಇರಲಿಲ್ಲ. ಹೌದೋ ಅಲ್ಲವೋ ಹೇಳು. ಅದಕ್ಕೇ ಡಬ್ಬಿ ಕಳಿಸಿದೆ. ದಿನಾ ಕನ್ನಡಿ ನೋಡುತ್ತೀಯ, ನಿನ್ನ ಕೈ ಅಲ್ಲಿ ಆಡುತ್ತದೆ, ಇದ್ದರೆ ಕಣ್ಣಿಗೆ ಬೀಳುತ್ತದೆ ಅಂತ.

ಕೆಚ್ಚಲಿನ ಮುಲಾಮು ಯಾಕೆ ಅಂದರೆ, ನನ್ನ ಅಂಗಡಿಯ ಕ್ರೀಮು ಕಲೆಯನ್ನು ತಿಳಿ ಮಾಡುತ್ತದೆ. ಡಾಕ್ಟರು ನೋಡುವ ಮುಂಚೆಯೇ ಮೇಲಿನ ಬಣ್ಣ ಮಾಸಿಬಿಟ್ಟರೆ? ಒಂದು ಸಲ ಮುಚ್ಚಿದ್ದೇನೆ, ಇನ್ನೊಂದು ಸಲ ಮುಚ್ಚಲಾರೆ. ಏನನ್ನೂ ಅಳಿಸದ, ನಿನಗೆ ದದ್ದು ಏಳಿಸದ ವಸ್ತು ನನಗೆ ಗೊತ್ತಿದ್ದದ್ದು ಅದೊಂದೇ.

ಅಕ್ಷರ ಸೊಟ್ಟಪಟ್ಟ ಇದೆ, ಆತುರದಲ್ಲಿ ಬರೆದೆ. ಟೈಪ್ ಯಂತ್ರ ಅಂಗಡಿಯಲ್ಲಿದೆ, ಅಲ್ಲಿಗೆ ಹೋಗುವಷ್ಟು ತಾಳ್ಮೆ ಇಲ್ಲ. ಹೋಗು ಅಕ್ಕಾ. ಆಮೇಲೆ ಎಷ್ಟು ಬೇಕಾದರೂ ಬೈ.

ಲವಾನ್

*

ಟೇಬರ್ ಕ್ರೀಕ್
30 ಆಗಸ್ಟ್ 1998

ಲವಾನ್,

ಹೋದೆ. ಲಿಂಕನ್ ಪಟ್ಟಣದ ದೊಡ್ಡ ಆಸ್ಪತ್ರೆಯಲ್ಲಿ ಒಂದು ಸಲ ಕುಯ್ದರು, ಪರೀಕ್ಷೆಗೆ ಕಳಿಸಿದರು. ನೀನು ಹೇಳಿದ್ದೇ. ಎರಡನೇ ಸಲ ಸುತ್ತ ಅಗಲವಾಗಿ ಕುಯ್ದರು. ಹದಿನಾಲ್ಕು ಹೊಲಿಗೆ. ಕುಯ್ದ ಅಂಚಿನಲ್ಲಿ ರೋಗ ಉಳಿದಿಲ್ಲ, ಆಳಕ್ಕೆ ಇಳಿದಿರಲಿಲ್ಲ ಅಂತ ಮೊನ್ನೆ ಕಾಗದ ಬಂತು. ಡಾಕ್ಟರು ನಮ್ಮ ಲಂಬರ್ಟನ ತಮ್ಮನ ಮಗನಷ್ಟು ಎಳೆಯ. ಎರಡು ಫೋಟೋ ಕೈಯಲ್ಲಿ ಹಿಡಿದು, "ಇದನ್ನು ಯಾಕೆ ತೆಗೆಸಿದ್ರಿ?" ಅಂತ ಕೇಳಿದ. "ನನ್ನ ತಂಗಿ ಮೋಸಗಾತಿ ಅಂತ ತೋರಿಸೋಕೆ" ಅಂದೆ. "ನಿಮ್ಮಷ್ಟು ಅನುಮಾನ ಎಲ್ಲರಿಗೂ ಇದ್ದಿದ್ರೆ ನನ್ನ ಕೆಲಸ ಸುಲಭವಾಗ್ತಿತ್ತು" ಅಂದ.

ಅಮ್ಮನ ವಿಷಯ. ನಿನ್ನ ಕಾಗದ ಓದಿದ ದಿನ ನಿನ್ನ ಕೊರಳು ಹಿಸುಕಬೇಕು ಅನ್ನಿಸಿತು. ಮರುದಿನ ಯೋಚಿಸಿದೆ. ಮೂವತ್ತು ವರ್ಷ ವಾರಕ್ಕೆ ಆರು ದಿನ ನಾನು ಅಮ್ಮನ ಮನೆಯ ಪೆಟ್ಟಿಗೆಗೆ ಅಂಚೆ ಹಾಕಿದ್ದೇನೆ, ಅವಳ ಅಡುಗೆಮನೆಯಲ್ಲಿ ಕಾಫಿ ಕುಡಿದಿದ್ದೇನೆ. ನೀನು ಸಾವಿರ ಮೈಲಿ ದೂರ ಇದ್ದೆ. ನಾನೂ ನೋಡಲಿಲ್ಲ. ಇನ್ನು ಅದರ ಬಗ್ಗೆ ನನ್ನ ಬಾಯಲ್ಲಿ ಮಾತು ಬರುವುದಿಲ್ಲ.

ಒಳಗೆ ಮೂರನೇ ಫೋಟೋ ಇದೆ. ಹೊಲಿಗೆ ಬಿಚ್ಚುವ ಮುಂಚೆ ಐಲೀನ್ ತೆಗೆದದ್ದು, ಗಾಯ ಕೆಂಪಗಿದೆ, ಕೊರಳು ಟರ್ಕಿಕೋಳಿಯದೇ. ಇದನ್ನು ನಿನ್ನ ಕಿಟಕಿಯಲ್ಲಿ ಹಾಕು, ಕೆಳಗೆ 'ಆಮೇಲೆ' ಅಂತ ಬರಿ. ಹೆಸರು ಬೇಕಾದರೂ ಹಾಕು.

ಈಗ ಇನ್ನೊಂದು ವಿಷಯ. ಕುಯ್ಯುವ ಮುಂಚೆ ಡಾಕ್ಟರು ನನ್ನ ಬಲಗೈ ಎತ್ತಿಸಿ ಕಂಕುಳಿನಲ್ಲಿ ಒತ್ತಿ ಒತ್ತಿ ನೋಡಿದ. ಯಾಕೆ ಅಂತ ಕೇಳಿದೆ. "ಅಲ್ಲಿಗೆ ಹರಡಿದ್ರೆ ಗಂಟು ಸಿಗುತ್ತೆ. ಆಗ ಅದನ್ನೂ ತೆಗೀಬೇಕು. ತೆಗೆದ್ರೆ ಕೆಲವರಿಗೆ ಕೈ ಊದ್ಕೊಳ್ಳುತ್ತೆ, ಪೆನ್ನು ಹಿಡಿಯೋಕೂ ಆಗಲ್ಲ" ಅಂದ. ನಾನು ಮನೆಗೆ ಬಂದು ನಿನ್ನ ಕಾಗದಗಳನ್ನು ಮೇಜಿನ ಮೇಲೆ ಹರಡಿದೆ. ಮೂರು ಟೈಪ್ ಮಾಡಿದವು. ನಾಲ್ಕನೆಯದು ಕೈಬರಹ, ಅಕ್ಷರಗಳೆಲ್ಲ ಎಡಕ್ಕೆ ವಾಲಿವೆ. ಆತುರದಲ್ಲಿ ಬರೆದದ್ದಲ್ಲ ಅದು, ಎಡಗೈಯಲ್ಲಿ ಬರೆದದ್ದು. ಮೂವತ್ತೊಂದು ವರ್ಷ ಊರವರ ಕೈಬರಹ ಓದಿ ಹಂಚಿದವಳಿಗೆ ಸುಳ್ಳು ಹೇಳುತ್ತೀಯಾ? "ತೆಗೆದರು, ಮುಗಿಯಿತು" ಅಂದೆಯಲ್ಲ, ನಾನು ನಂಬುವುದಿಲ್ಲ.

ಮಂಗಳವಾರ ಹೊರಡುತ್ತೇನೆ. ಐಲೀನ್ ಜೊತೆಗೆ ಬರುತ್ತಾಳೆ, ಸರದಿಯಲ್ಲಿ ಓಡಿಸುತ್ತೇವೆ. ಕಾಲರ್ ಎತ್ತಿಕೊಳ್ಳುತ್ತೇನೆ, ಟೋಪಿ ತೆಗೆದುಕೊಂಡಿದ್ದೇನೆ, ಗಲ್ಲದ ಕೆಳಗೂ ಕ್ರೀಮು ಹಚ್ಚಿಕೊಳ್ಳುತ್ತೇನೆ. ಮುಲಾಮಿನ ಹೊಸ ಡಬ್ಬಿಯನ್ನೂ ತರುತ್ತೇನೆ, ಕೊಟ್ಟಿಗೆ ವಾಸನೆಯದೇ. ಗುರುವಾರ ಸಂಜೆಯೊಳಗೆ ನಿನ್ನ ಬಾಗಿಲಲ್ಲಿರುತ್ತೇವೆ.

ನಾನು ಬರುವಾಗ ಕೊರಳಿಗೆ ಸ್ಕಾರ್ಫ್ ಕಟ್ಟಿಕೊಳ್ಳಬೇಡ. ಪೌಡರ್ ಬಳಿದುಕೊಳ್ಳಬೇಡ. ಕಿಟಕಿಯ ಪರದೆ ಸರಿಸಿಡು, ನಾನು ನೋಡಬೇಕು.

ನಿನ್ನ ಅಕ್ಕ,
ಆರ್ಡಿಸ್